ಲಂಗದ ಕಲೆ

"ಲಂಗ ಎಲ್ಲಿ?" ಎಂದಳು ಚಿಕ್ಕಗೌರಮ್ಮ.

ಮಂಗಳಾ ಸೆರಗಿನ ಮರೆಯಲ್ಲಿದ್ದ ಬಟ್ಟೆಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದಳು. "ನಾನೇ ಒಗ್ದಾಕ್ತೀನಿ ಬುಡಿ ದೊಡ್ಡಮ್ಮ. ಈ ವಯಸ್ಸಲ್ಲಿ ನಿಮಗ್ಯಾಕೆ."

"ಈ ಊರಲ್ಲಿ ಮೈನೆರೆದ ಹೆಣ್ಣಿನ ಲಂಗ ಒಗೆಯೋಳು ನಾನು. ತಾ ಇಲ್ಲಿ."

ಕೊಡದೆ ಬೇರೆ ದಾರಿ ಇರಲಿಲ್ಲ. ಅಂಗಳದಲ್ಲಿ ಬಿಳಿಗೆರೆಯ ಅರ್ಧದಷ್ಟು ಹೆಂಗಸರು ಕೊಬ್ಬರಿ, ಬೆಲ್ಲ, ತುಪ್ಪ ಹಿಡಿದು ಸೇರಿದ್ದರು. ಮಂಗಳಾಳ ತಮ್ಮ ರಂಗನಾಥ್ ಹಸಿ ತೆಂಗಿನ ಗರಿ ಕಡಿದು ತಂದು, ಅಕ್ಕನ ಮಗಳು ಯೋಗಿತಾ ಒಸಗೆಗೆ ಕೂರಲು ಗುಡ್ಲು ಕಟ್ಟುತ್ತಿದ್ದ. ಸೋದರಮಾವನ ಹಕ್ಕು ಅದು. ಹದಿನೇಳು ತುಂಬಿದರೂ ದೊಡ್ಡವಳಾಗಲಿಲ್ಲವಲ್ಲ ಎಂದು ಎರಡು ವರ್ಷದಿಂದ ಪಿಸುಗುಟ್ಟಿದ್ದ ಬಾಯಿಗಳೇ ಈಗ ಸೋಬಾನೆ ಹಾಡುತ್ತಿದ್ದವು.

ಯೋಗಿತಾ ದೊಡ್ಡವಳಾಗಿರಲಿಲ್ಲ. ಆಗುವುದೂ ಇಲ್ಲ.

ಆರು ತಿಂಗಳ ಹಿಂದೆ ತುಮಕೂರಿನ ಡಾಕ್ಟರಮ್ಮ ತಾಯಿ ಮಗಳಿಬ್ಬರನ್ನೂ ಎದುರಿಗೆ ಕೂರಿಸಿಕೊಂಡು ಎಲ್ಲ ಬಿಡಿಸಿ ಹೇಳಿದ್ದರು. ಗರ್ಭಕೋಶ ಇಲ್ಲ, ಮುಟ್ಟಾಗುವುದಿಲ್ಲ. ಪರೀಕ್ಷೆಯಲ್ಲಿ ಕಂಡದ್ದು ಗಂಡಿನ ವರ್ಣತಂತು, ಮೈ ಬೆಳೆದಿರುವುದು ಹೆಣ್ಣಾಗಿ. ಇಂಥವರನ್ನು ಅಂತರಲಿಂಗಿ ಎನ್ನುತ್ತೇವೆ, ಎಲ್ಲ ಕಾಲದಲ್ಲೂ ಹುಟ್ಟಿದ್ದಾರೆ, ಇದು ಶಾಪವೂ ಅಲ್ಲ ಯಾರ ತಪ್ಪೂ ಅಲ್ಲ, ಮುಚ್ಚಿಡಬೇಡಿ ಎಂದಿದ್ದರು. ಆಮೇಲೆ ಪೆನ್ನು ಕೈಗೆತ್ತಿಕೊಂಡು, "ಇದು ತಾಯಿ ಕಡೆಯಿಂದ ಬಂದಿರಬಹುದು. ನಿಮ್ಮ ತಾಯಿ ಮನೇಲಿ ಇನ್ಯಾರಾದ್ರೂ ಹೀಗಿದ್ರಾ?" ಎಂದು ಕೇಳಿದ್ದರು.

"ಒಬ್ರಿದ್ರು," ಎಂದಿದ್ದಳು ಮಂಗಳಾ. "ಬಾವಿಗೆ ಬಿದ್ದು ತೀರ್ಕೊಂಡ್ರು."

ಆ ಒಬ್ಬಳು ಸುನಂದಾ, ತಾಯಿಯ ಕೊನೆಯ ತಂಗಿ. ಮಂಗಳಾ ಹುಟ್ಟುವುದಕ್ಕೂ ಮುಂಚಿನ ಮಾತು. ಒಸಗೆಗೆ ಕೂರಿಸಿದ ದಿನವೇ ಅದು ಸುಳ್ಳು ಒಸಗೆಯೆಂದು ತವರೂರು ದಂಡಿನಶಿವರದ ತುಂಬ ಗುಲ್ಲಾಯಿತು. ಗಂಡೂ ಅಲ್ಲ ಹೆಣ್ಣೂ ಅಲ್ಲ, ಊರಿಗೆ ಮಳೆಯಿಲ್ಲದ್ದು ಇದರಿಂದಲೇ ಎಂದರು. ಅವಳು ಒಳಗೆ ಕೂತಿರುವಾಗಲೇ ಗುಡ್ಲು ಕಿತ್ತೆಸೆದರು. ಮೂರನೆಯ ದಿನ ಹೆಣ ತೇಲಿತು. ಸುನಂದಾಳ ಗುಟ್ಟು ಗೊತ್ತಿದ್ದವಳು ಹಿರಿಯಕ್ಕ ಚಿಕ್ಕಗೌರಮ್ಮ ಒಬ್ಬಳೇ. ಹಾಗಾಗಿ ಬಾಯಿ ಬಿಟ್ಟವಳೂ ಅವಳೇ ಎಂದು ತವರಿನವರು ನಂಬಿದ್ದರು. ಮಂಗಳಾಳಿಗಂತೂ ಅದರಲ್ಲಿ ಎಳ್ಳಷ್ಟೂ ಅನುಮಾನವಿರಲಿಲ್ಲ.

ಅಂಥವಳು ಇದೇ ಬಿಳಿಗೆರೆಯ ಸೊಸೆ. ಮಕ್ಕಳಾಗಲಿಲ್ಲವೆಂದು ಗಂಡ ಮೂರೇ ವರ್ಷಕ್ಕೆ ಇನ್ನೊಬ್ಬಳನ್ನು ಕಟ್ಟಿಕೊಂಡಿದ್ದ. ಬಂಜೆಯೆಂದು ಆರತಿಗೆ ಯಾರೂ ಕರೆಯುತ್ತಿರಲಿಲ್ಲ, ಮೈಲಿಗೆ ಬಟ್ಟೆಗೆ ಮಾತ್ರ ಯಾರ ಅಡ್ಡಿಯೂ ಇರಲಿಲ್ಲ. ಎಪ್ಪತ್ತೈದಾದರೂ ಒಂದು ಮನೆಯ ಒಸಗೆ ತಪ್ಪಿಸಿದವಳಲ್ಲ. ಕರೆಯದೆ ಬರುವುದು, ಒಗೆಯುವ ಕಲ್ಲಿನ ಹತ್ತಿರ ಯಾರೂ ಸುಳಿಯದಂತೆ ಗದರುವುದು. ಊರ ಹೆಣ್ಣುಮಕ್ಕಳ ಗುಟ್ಟು ಕೆದಕುವ ಚಟ ಮುದುಕಿಗೆ ಎಂದು ಮಂಗಳಾ ಒಳಗೊಳಗೇ ಹಲ್ಲು ಕಡಿಯುತ್ತಿದ್ದಳು.

ಇಂದು ಬೆಳಿಗ್ಗೆ ಯೋಗಿತಾ ಕೇಳಿದ್ದಳು. "ಮುಚ್ಚಿಡಬೇಡಿ ಅಂದ್ರಲ್ಲಮ್ಮ ಡಾಕ್ಟ್ರು. ನಂಗೇನೂ ನಾಚ್ಕೆ ಇಲ್ಲ."

"ಡಾಕ್ಟ್ರು ಬಿಳಿಗೆರೇಲಿ ಬಾಳ್ವೆ ಮಾಡ್ಬೇಕೇನೇ?"

ಮಗಳ ಬಾಯಿ ಮುಚ್ಚಿಸಿ, ಗಂಡನಿಗೂ ಹೇಳದೆ, ಅರಿಶಿನಕ್ಕೆ ಸುಣ್ಣ ಕಲಸಿ ಲಂಗಕ್ಕೆ ತಿಕ್ಕಿದ್ದಳು. ಒಣಗಿದ ಮೇಲೆ ಹೆತ್ತ ತಾಯಿಯೇ ಮೋಸ ಹೋಗುವಷ್ಟು ಚೆನ್ನಾಗಿ ಬಂದಿತ್ತು ಕಲೆ.

ಚಿಕ್ಕಗೌರಮ್ಮ ಹಿತ್ತಿಲ ಕಲ್ಲಿನ ಮೇಲೆ ಲಂಗ ಹರಡಿದಳು. ಮಂಗಳಾ ಸೋಪು ಚಾಚಿದಳು.

"ಸೋಪು ಬೇಡ." ಮುದುಕಿ ಸೊಂಟದ ಚೀಲದಿಂದ ಸೀಗೆಪುಡಿ ತೆಗೆದು, ಬೊಗಸೆ ನೀರಲ್ಲಿ ಕಲಸಿ ಕಲೆಯ ಮೇಲೆ ಸುರಿದಳು.

ಕಲೆ ಹಳದಿಗೆ ತಿರುಗಿತು. ನೋಡನೋಡುತ್ತಿದ್ದಂತೆ ಕೆಂಪೆಲ್ಲ ಕರಗಿ ಬರೀ ಅರಿಶಿನ ಉಳಿಯಿತು. ಮಂಗಳಾ ಅಲ್ಲೇ ಕೂತು ಮುದುಕಿಯ ಪಾದ ಹಿಡಿದಳು.

"ನಿಮ್ಮ ದಮ್ಮಯ್ಯ ಅಂತೀನಿ ದೊಡ್ಡಮ್ಮ. ಬಾವಿಗೆ ಒಬ್ಬಳನ್ನ ಕೊಟ್ಟಿದ್ದು ಸಾಲ್ದಾ? ನನ್ನ ಮಗಳನ್ನ ಬುಟ್ಬುಡಿ."

ಅಂಗಳದ ಕಡೆಯಿಂದ ಪಕ್ಕದ ಮನೆಯ ದಾನೇಶ್ವರಿಯ ದನಿ ಹತ್ತಿರವಾಗುತ್ತಿತ್ತು. "ಒಗ್ದಾಯ್ತಾ ಗೌರಮ್ಮಾರೇ? ನಾನೂ ಬರ್ಲಾ ಕೈಜೋಡ್ಸಕ್ಕೆ?"

ಚಿಕ್ಕಗೌರಮ್ಮ ಲಂಗವನ್ನು ಒಂದೇ ಸಲಕ್ಕೆ ಬಕೀಟಿನ ತಳಕ್ಕೆ ಅದ್ದಿ, ಮೇಲೆ ತನ್ನ ಸೆರಗು ಇಳಿಬಿಟ್ಟಳು.

"ಬರ್ಬೇಡ ಕಣಮ್ಮ. ಗಟ್ಟಿ ಕಲೆ, ಬುಡ್ತಾನೇ ಇಲ್ಲ. ನೀವು ಹುಡ್ಗೀನ ಗುಡ್ಲಿಗೆ ಕರ್ಕೊಂಡು ಹೋಗಿ."

ದಾನೇಶ್ವರಿಯ ಹೆಜ್ಜೆ ಹಿಂದಕ್ಕೆ ಹೋಯಿತು. ಮಂಗಳಾಳಿಗೆ ಏನೊಂದೂ ಅರ್ಥವಾಗಲಿಲ್ಲ. ಮುದುಕಿ ಲಂಗವನ್ನು ನೀರೊಳಗೇ ತಿಕ್ಕತೊಡಗಿದಳು.

"ಅರಿಶಿನ ಸುಣ್ಣ ನಂಬಬಾರ್ದು ಕಣೇ," ಎಂದಳು ಮೆಲ್ಲಗೆ. "ಸುನಂದನ ಲಂಗಕ್ಕೆ ನಾನೂ ಅದನ್ನೇ ತಿಕ್ಕಿದ್ದೆ. ಒಗೆಯಕ್ಕೆ ಬೇರೆಯೋರು ಕೂತ್ಕೊಂಡ್ರು, ಸೀಗೆ ಹಾಕುದ್ರು."

ಮಂಗಳಾ ಹಿಡಿದಿದ್ದ ಪಾದ ಬಿಟ್ಟಳು.

"ನಮ್ಮವ್ವ ಅಷ್ಟೊತ್ಗೆ ಹೋಗ್ಬುಟ್ಟಿದ್ಲು. ಅವಳಿದ್ದಿದ್ರೆ ಕೋಳಿ ರಕ್ತ ಹಚ್ತಿದ್ಲು, ನನ್ನ ಲಂಗಕ್ಕೆ ಹಚ್ಚಿದ್ ಹಂಗೆ."