ಬೆವರಿನ ಪೆಟ್ಟಿಗೆ

“ನೋಡ್ರಿ ಅಕ್ಕಾರ, ಕಮಲಾಪುರದ ಹೊಲಸೆಲ್ಲಾ ಹ್ಯಾಂಗ ಇಳ್ಯಾಕತ್ತದ,” ಎಂದು ಮಾಲಕ ಗುರುಲಿಂಗಪ್ಪ ಗಾಜಿನ ಬಾಗಿಲನ್ನು ಬೆರಳಿನಿಂದ ಬಡಿದ. “ಸಾಲಿ ಬಿಟ್ಟ ಮಗ. ತಲ್ಯಾಗಿನ ಹೊಲಸು ಇಳೀಬೇಕಂದ್ರ ಇನ್ನೊಂದು ಮಷೀನ್ ತರಸಬೇಕು.” ಖೂಬಾ ಪ್ಲಾಟ್ ಬಡಾವಣೆಯ ಅಂಗಡಿಗೆ, ಕೂತವರ ಬೆವರಿಳಿಸುವ ಹೊಸ ಇನ್ಫ್ರಾರೆಡ್ ಸೌನಾ ಪೆಟ್ಟಿಗೆ ನೋಡಲು ಬಂದವರೆಲ್ಲ ಗೊಳ್ಳೆಂದು ನಕ್ಕರು.

ಒಳಗೆ, ಕೆಂಪು ದೀಪಗಳ ಕಾವಿನಲ್ಲಿ, ಬರೀ ಚಡ್ಡಿಯಲ್ಲಿ ಚಂದ್ರಶಾ ಕೂತಿದ್ದ. ಗಿರಾಕಿ ಬಂದಾಗಲೆಲ್ಲ ಹೀಗೆ ಬೆವತು ತೋರಿಸುವುದೇ ಅವನ ನೌಕರಿ. ಸಿಟ್ಟು ನೆತ್ತಿಗೇರಿತು. ಆದರೆ ಎದ್ದು ಹೋದರೆ ಹೋಗುವುದೆಲ್ಲಿಗೆ? ಮಗ ಕಲಬುರಗಿಯಲ್ಲಿ ಮಷೀನ್ ನಡೆಸುತ್ತಾನೆಂದು ಅವ್ವ ಬಂಡಮ್ಮ ಊರು ಕಮಲಾಪುರದ ಓಣಿಗೆಲ್ಲ ಹೇಳಿಕೊಂಡು ಬಂದಿದ್ದಳು. ಕೊರಳಲ್ಲಿದ್ದ ಬೆವರಿನ ಟವೆಲನ್ನು ಮುಷ್ಟಿಯಲ್ಲಿ ಹಿಂಡುತ್ತ ಕೂತೇ ಇದ್ದ.

“ಒಳಗ ಸಿಕ್ಕೊಂಡ್ರ ಹ್ಯಾಂಗ್ರಿ? ನನಗ ಉಸಿರು ಕಟ್ಟತದ,” ಎಂದು ಮುದುಕಿಯೊಬ್ಬಳು ಕೇಳಿದಳು.

“ಹೆದರಬ್ಯಾಡ್ರಿ ಆಯಿ. ಇದಕ್ಕ ಚಿಲಕನ ಇಟ್ಟಿಲ್ಲ. ಸಾಕನಿಸ್ತು ಅಂದ್ರ ದೂಡಿ ಹೊರಗ ಬರ್ರಿ,” ಎಂದ ಗುರುಲಿಂಗಪ್ಪ.

ದಿನಾ ಗಿರಾಕಿಗಳಿಗೆ ಚಂದ್ರಶಾ ತಾನೇ ಹೇಳುತ್ತಿದ್ದ ಮಾತು ಅದು. ಇವತ್ತು ಒಳಗೆ ಕೂತು ಕೇಳಿಸಿಕೊಂಡ. ಮುಷ್ಟಿ ಸಡಿಲಿಸಿ, ಅಂಗೈಯಿಂದ ಬಾಗಿಲು ದೂಡಿದ. ಗೂಟಕ್ಕೆ ಹಾಕಿದ್ದ ಪ್ಯಾಂಟು, ಅಂಗಿ ಎಳೆದುಕೊಂಡು ಎಲ್ಲರೆದುರಿಗೇ ತೊಟ್ಟ.

“ಎಲ್ಲಿಗೋ? ಇನ್ನಾ ಟೈಮ್ ಆಗಿಲ್ಲ, ಕೂಡು.”

ಚಂದ್ರಶಾ ಆ ಹಸಿ ಟವೆಲನ್ನು ಗುರುಲಿಂಗಪ್ಪನ ಇಸ್ತ್ರಿ ಅಂಗಿಯ ಹೆಗಲಿಗೆ ಹಾಕಿ, ಬಸ್ ಸ್ಟ್ಯಾಂಡಿನ ಕಡೆಗೆ ನಡೆದ.