ಹೊಸ ಸೀಟ್ ಕವರ್

"ಹಿಂದಿನ ಸೀಟಿನ ಬೆಲ್ಟ್ ಲಾಕಿಗೆ ಕವರಲ್ಲಿ ತೂತು ಬಿಡ್ಲಾ, ಅಣ್ಣಾ?" ಎಂದು ಹೊಲಿಯುವವನು ಕೇಳಿದ್ದ.

"ಬಂಗಾರದಂಥ ಕವರಿಗೆ ಕತ್ತರಿ ಹಾಕ್ತೀಯಾ? ಹಿಂದೆ ಕೂತೋರು ಯಾರಯ್ಯಾ ಬೆಲ್ಟ್ ಹಾಕ್ಕೋತಾರೆ? ಲಾಕು ಒಳಗೇ ಇರ್ಲಿ, ಮುಚ್ಚಿ ಹೊಲಿ," ಎಂದಿದ್ದ ಟ್ಯಾಕ್ಸಿ ಚಾಲಕ.

ಮರುದಿನ ಆ ಕವರಿನ ಮೇಲೆ ಕೂತ ಮೊದಲ ಗಿರಾಕಿ ಮಧ್ಯಾಹ್ನದ ಹೊತ್ತಿಗೆ ಆಪರೇಷನ್ ಥಿಯೇಟರಿನಲ್ಲಿದ್ದರು. ಅಡ್ಡ ಬಂದ ಲಾರಿಗೆ ಕಾರು ಗುದ್ದಿತ್ತು. ಮುಂದೆ ಬೆಲ್ಟ್ ಹಾಕಿ ಕೂತಿದ್ದ ಚಾಲಕನಿಗೆ ಮಾತ್ರ ಒಂದು ಗೀರೂ ಆಗಿರಲಿಲ್ಲ.

ಥಿಯೇಟರಿನ ಹೊರಗೆ ಬೆಂಚಿನಲ್ಲಿ ಕೂತಿದ್ದ ಚಾಲಕನ ಪಕ್ಕ ಗಿರಾಕಿಯ ಹೆಂಡತಿ ಬಂದು ಕೂತರು. ಅವನು ತಲೆ ತಗ್ಗಿಸಿ ಅಳುತ್ತಿದ್ದ.

"ಅಳಬೇಡಿ ಅಣ್ಣಾ. ಲಾರಿ ಅಡ್ಡ ಬಂದ್ರೆ ನೀವೇನು ಮಾಡಕ್ಕಾಗುತ್ತೆ?"

ಹೇಳಿಬಿಡಬೇಕೆಂದು ಅವನು ಬಾಯಿ ತೆರೆದ.

"ನಿಮ್ಮ ಕಾರು ಹತ್ತಿದ ಮೇಲೆ ನಂಗೆ ಫೋನ್ ಮಾಡಿದ್ರು," ಎಂದರು ಆಕೆ, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾ. "'ತಾಳೇ, ಸೀಟಲ್ಲಿ ಏನೋ ಹುಡುಕ್ತಿದೀನಿ, ಸಿಗ್ತಾನೇ ಇಲ್ಲ' ಅಂತ ಇಟ್ಟುಬಿಟ್ರು. ಪಾಪ, ಅದೇನು ಹುಡುಕ್ತಿದ್ರು ಅಂತ ನಿಮಗೇನಾದ್ರೂ ಗೊತ್ತಾ, ಅಣ್ಣಾ?"