ಮರಿಯ ಕೂಗು

ಹದಿನೈದು ದಿನಗಳಲ್ಲಿ ಲಗಮವ್ವನ ಹಟ್ಟಿಯಿಂದ ಮೂರು ಕುರಿಮರಿಗಳು ಮಾಯವಾದವು. ಮೂರೂ ತೋಳದ ಪಾಲಾದವು ಎಂದ, ಪಕ್ಕದ ಹಟ್ಟಿಯಲ್ಲಿದ್ದ ಅವಳ ಗಂಡನ ಅಣ್ಣ.

"ಒಂದ್ ಹನಿ ರಕ್ತಾನೂ ಬಿದ್ದಿಲ್ಲಲ್ರಿ ಭಾವಾ?"

"ಶ್ಯಾಣೇ ತೋಳ ಐತಿ ಅದು. ಎತ್ಕೊಂಡು ಹೋಗಿ ತಿಂತೈತಿ."

ಲಗಮವ್ವ ಬಿದಿರು ಕಡಿದು ಬಿಲ್ಲು ಮಾಡಿದಳು. ಒಣಗಿದ ಸೋರೆಕಾಯಿಯೊಂದನ್ನು ಜಾಲಿ ಮರಕ್ಕೆ ಕಟ್ಟಿ ಬಾಣ ಬಿಟ್ಟಳು. ಮೊದಮೊದಲು ಬಾಣ ಸೋರೆಕಾಯಿಯೊಂದನ್ನು ಬಿಟ್ಟು ಎಲ್ಲ ಕಡೆಗೂ ಹೋಯಿತು. ಹೆದೆ ಬಡಿದು ಎಡ ಮುಂಗೈ ಬಾತುಕೊಂಡಿತು. ಬಟ್ಟೆ ಸುತ್ತಿಕೊಂಡು ಮತ್ತೆ ಎಳೆದಳು. ತಾಯಿ ತಪ್ಪಿದ ಮರಿಯಂತೆ ಕೂಗುವುದನ್ನೂ ರೂಢಿ ಮಾಡಿಕೊಂಡಳು. ತೋಳವನ್ನು ಹುಡುಕಿಕೊಂಡು ಹೋಗಬಾರದು, ಕರೆಸಿಕೊಳ್ಳಬೇಕು ಎಂದು ಅವಳಪ್ಪ ಹೇಳಿಕೊಟ್ಟಿದ್ದ.

ಭಾವ ಬಿದ್ದು ಬಿದ್ದು ನಕ್ಕ. "ಬಿಲ್ಲು ಎಳ್ಯಾಕ ಗಂಡಸರ ರಟ್ಟಿ ಬೇಕವಾ. ನಿನ್ನ ಕೂಗಿಗೆ ಯಾವ ತೋಳಾನೂ ಬರೂದಿಲ್ಲ. ಸುಮ್ಮನ ರೊಟ್ಟಿ ಬಡಿ."

"ರೊಟ್ಟೀನೂ ಬಡೀತೀನ್ರಿ, ತೋಳಾನೂ ಹೊಡೀತೀನ್ರಿ."

ಮರುದಿನ ಬೆಳಕು ಹರಿಯುವ ಹೊತ್ತಿಗೆ ಯಾರಿಗೂ ಹೇಳದೆ ಹಳ್ಳಕ್ಕೆ ಹೋದಳು. ಗಾಳಿಗೆ ಮುಖಮಾಡಿ, ಪೊದೆಯ ಹಿಂದೆ ಕುಳಿತು, ಮರಿಯಂತೆ ಕೂಗಿದಳು. ಎರಡನೇ ಕೂಗಿಗೆ ಎದುರಿನ ಪೊದೆ ಅಲುಗಾಡಿತು. ಬಿಲ್ಲನ್ನು ಕಿವಿಯವರೆಗೆ ಎಳೆದಳು.

ನಾಲಿಗೆ ಲೊಚಗುಟ್ಟಿ ಮರಿಯನ್ನು ಕರೆಯುತ್ತ ಹೊರಬಂದ ಭಾವ, ಖಾಲಿ ಗೋಣಿಚೀಲದ ಬಾಯಿ ಅಗಲಿಸಿ ಹಿಡಿದಿದ್ದ. ಬಾಣದ ಮೊನೆ ಕಂಡು ಅಲ್ಲೇ ನಿಂತ.

ಲಗಮವ್ವ ಬಿಲ್ಲು ಇಳಿಸಲಿಲ್ಲ. "ನನ್ನ ಕೂಗಿಗೆ ತೋಳ ಬರೂದಿಲ್ಲ ಅಂದಿದ್ರಲ್ಲ ಭಾವಾ, ಬಂತು ನೋಡ್ರಿ."